ಮೆಳೆಗೊಂದು ಬಾಗಿಲು

ನಮ್ಮ ಹಿತ್ತಿಲಿಗೆ ರಾತ್ರಿ ಹೊತ್ತು ಯಾರಾದರೂ ಬ್ಯಾಟರಿ ಹಿಡಿದುಕೊಂಡು ಬಂದರೆ ಊರಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದು ನಮಗೆ ತಿಳಿಯುತ್ತಿತ್ತು. ಬಂದವರು ಹೆಚ್ಚು ಮಾತಾಡುತ್ತಿರಲಿಲ್ಲ. ‘ಅಣ್ಣಾರ, ಎರಡು ಗಳ ಬೇಕಾಗಿದ್ದೂವು’ ಅನ್ನುತ್ತಿದ್ದರು. ಅಪ್ಪ ಯಾರು, ಯಾವಾಗ ಎಂದು ಕೇಳುತ್ತಲೇ ಗೋಡೆಗೆ ಸಿಕ್ಕಿಸಿದ ಕೊಯ್ತಾ ತೆಗೆದುಕೊಂಡು ಬಿದಿರ ಮೆಳೆಯ ಕಡೆಗೆ ನಡೆಯುತ್ತಿದ್ದ. ಹಾಸಿಗೆಯಲ್ಲಿ ಮಲಗಿದ್ದ ನನಗೆ ಮೊದಲು ಒಣಗಿದ ಎಲೆ ತುಳಿದ ಸಪ್ಪಳ, ಆಮೇಲೆ ನಾಲ್ಕೈದು ಏಟು, ಕಡೆಗೆ ಗಳ ಎಳೆಯುವಾಗ ಇಡೀ ಮೆಳೆ ಸರಸರ ಅಲುಗಾಡುವುದು ಕೇಳುತ್ತಿತ್ತು. ಮದುವೆ ಹಂದರಕ್ಕೆ, ದ್ರಾಕ್ಷಿ ಪಡಕ್ಕೆ ಕೊಟ್ಟ ಗಳಕ್ಕೆ ಅಪ್ಪ ರೊಕ್ಕ ಎಣಿಸಿಕೊಳ್ಳುತ್ತಿದ್ದ. ಚಟ್ಟದ ಗಳಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಅದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಕಾನೂನು.

ನಮ್ಮದು ಉಗಾರ ಬುದ್ರುಕ. ಮೊದಲು ಅಥಣಿ ತಾಲ್ಲೂಕು, ಈಗ ಕಾಗವಾಡ. ಬುದ್ರುಕ ಅಂದರೆ ಹಿರಿದು, ಖುರ್ದ ಅಂದರೆ ಕಿರಿದು. ಎರಡೂ ಪಾರ್ಸಿಯಿಂದ ಬಂದ ಮಾತು. ಆದರೆ ಸಕ್ಕರೆ ಕಾರ್ಖಾನೆ, ರೈಲು ನಿಲ್ದಾಣ ಎಲ್ಲ ಉಗಾರ ಖುರ್ದದ ಪಾಲಿಗೆ ಬಂದು, ಹಿರಿಯರಾದ ನಾವು ಹೆಸರಿಗಷ್ಟೇ ಹಿರಿಯರಾಗಿ ಉಳಿದೆವು. ಎರಡೂ ಊರಿನವರ ಕಣ್ಣಿಗೆ ಬೀಳುವುದು ಒಂದೇ: ಕಬ್ಬು. ಕೃಷ್ಣಾ ನದಿಯ ಎರಡೂ ದಂಡೆಗೆ ಕಬ್ಬು. ನೀರು ಹಾಯಿಸಿ ಹಾಯಿಸಿ ಎರಿ ಹೊಲಗಳು ಸವಳು–ಜವಳಾಗಿ, ಕೊನೆಗೆ ನೆಲದಡಿ ತೂತಿನ ಪೈಪು ಹೂಳಿ ನೀರು ಬಸಿದು ತೆಗೆಯುವ ಕೆಲಸವೂ ನಮ್ಮೂರಲ್ಲಿ ಆಯಿತು. ಇಂಥ ಊರಲ್ಲಿ ಅಪ್ಪ 1986ರಲ್ಲಿ ಹಿತ್ತಿಲ ಮೂಲೆಗೆ ಬಿದಿರು ಹಚ್ಚಿದಾಗ ಜನ ನಕ್ಕರಂತೆ. ‘ಮುಳ್ಳಿನ ಹುಲ್ಲು ಮನೀ ಹಿಂದ ಯಾಕ ಬೇಕೋ?’ ಎಂದು ಅಜ್ಜಿ ಕೇಳಿದ್ದಳು.

ಮುಳ್ಳಿನದಲ್ಲ ಅದು. ಬೆಳಗಾವಿ ಕಡೆ ‘ಮಾರಿಹಾಳ ಬಿದಿರು’ ಅನ್ನುತ್ತಾರೆ. ಕೊಂಕಣದವರು ‘ಮಾಣಗಾ’ ಅನ್ನುತ್ತಾರೆ. ಪುಸ್ತಕದ ಹೆಸರು ಡೆಂಡ್ರೊಕ್ಯಾಲಮಸ್ ಸ್ಟಾಕ್ಸಿಐ. ಮುಳ್ಳಿಲ್ಲ, ಗಳ ನೆಟ್ಟಗೆ, ಒಳಗೆ ಟೊಳ್ಳು ಇಲ್ಲವೆನ್ನುವಷ್ಟು ಕಡಿಮೆ. ಬಾರಕೋಲಿಗೂ ಮುದುಕರ ಕೈಕೋಲಿಗೂ ಒಗ್ಗುತ್ತದೆ. ಇದನ್ನು ಬೀಜ ಹಾಕಿ ಬೆಳೆಸುವವರಿಲ್ಲ. ಬೇರುಗಡ್ಡೆ ಕಿತ್ತು ತಂದು ಹಚ್ಚಬೇಕು, ಇಲ್ಲವೆ ಗಳದ ತುಂಡು ನೆಟ್ಟು ಚಿಗುರಿಸಬೇಕು. ಅಪ್ಪ ಬೆಳಗಾವಿ ಹತ್ತಿರದ ಬೀಗರ ತೋಟದಿಂದ ಎರಡು ಗಡ್ಡೆ ಕಿತ್ತು, ಹಸಿ ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ಕಾಲ ಸಂದಿಯಲ್ಲಿಟ್ಟುಕೊಂಡು ತಂದಿದ್ದ. ಒಂದು ಸತ್ತಿತು, ಒಂದು ಬದುಕಿತು.

ಕಬ್ಬು, ಬಿದಿರು ಎರಡೂ ಒಂದೇ ಹುಲ್ಲಿನ ಕುಲದವು. ಎರಡಕ್ಕೂ ಗಣಿಕೆ ಇದೆ, ಗಣಿಕೆಗೊಂದು ಕಣ್ಣಿದೆ. ಆದರೆ ಕಬ್ಬು ಬಲ್ಲವನು ಬಿದಿರನ್ನು ಬಲ್ಲೆ ಅಂದುಕೊಂಡರೆ ಕೆಟ್ಟ. ಕಬ್ಬನ್ನು ನೆಲಕ್ಕೆ ಹತ್ತಿ ಪೂರ್ತಿ ಕಡಿದರೆ ಕುಳೆ ಚಲೋ ಏಳುತ್ತದೆ. ಬಿದಿರನ್ನು ಹಾಗೆ ಬೋಳಿಸಿದರೆ ಮುಂದಿನ ನಾಲ್ಕಾರು ವರ್ಷ ಬೆರಳು ಗಾತ್ರದ ಕಡ್ಡಿಗಳನ್ನಷ್ಟೇ ಕೊಡುತ್ತದೆ. ಹೊಸ ಮೊಳಕೆಗೆ ತನ್ನದೆಂಬ ಎಲೆ ಇರುವುದಿಲ್ಲ. ಅದು ಏಳುವುದು ಅಕ್ಕಪಕ್ಕದ ಹಿರಿಯ ಗಳಗಳು ಕೂಡಿಟ್ಟ ಅನ್ನದ ಮೇಲೆ. ಕಳಲೆ ನೆಲದಿಂದ ಹೊರಗೆ ಬರುವಾಗ ಎಷ್ಟು ದಪ್ಪ ಇರುತ್ತದೋ ಗಳ ಕಡೆಯ ತನಕ ಅಷ್ಟೇ ದಪ್ಪ. ಎತ್ತರ ಎರಡು ಮೂರು ತಿಂಗಳಲ್ಲಿ ಮುಗಿಯುತ್ತದೆ. ನಾನು ಐದನೇ ಇಯತ್ತೆಯಲ್ಲಿದ್ದಾಗ ಒಂದು ಕಳಲೆಯ ಪಕ್ಕ ಕೋಲು ನಿಲ್ಲಿಸಿ ದಿನಾ ಗುರುತು ಹಾಕುತ್ತಿದ್ದೆ. ಒಂದು ರಾತ್ರಿಗೆ ಗೇಣಿನಷ್ಟು ಏರಿದ್ದನ್ನು ಶಾಲೆಯಲ್ಲಿ ಹೇಳಿದೆ, ಯಾರೂ ನಂಬಲಿಲ್ಲ. ಅದರ ಪೊರೆಯ ಮೇಲಿನ ಕಂದು ರೋಮ ಕುತ್ತಿಗೆಗೆ ತಾಗಿ ಎರಡು ದಿನ ಕೆರೆದುಕೊಂಡಿದ್ದೇ ಲಾಭ.

ಎತ್ತರ ಮುಗಿದ ಮೇಲೆ ಗಳ ಬಲಿಯಲು ಮೂರು ವರ್ಷ ಬೇಕು. ಮೂರು ತುಂಬಿದ್ದನ್ನು ಕಡಿಯಬೇಕು, ಒಂದು ಎರಡು ವರ್ಷದ್ದನ್ನು ಮುಟ್ಟಬಾರದು. ತೊಂದರೆ ಏನೆಂದರೆ, ಎತ್ತರವೂ ಒಂದೇ ದಪ್ಪವೂ ಒಂದೇ ಆದ ಮೇಲೆ ಯಾವುದು ಅಣ್ಣ, ಯಾವುದು ತಮ್ಮ ಎಂದು ಗೊತ್ತಾಗುವುದು ಕಷ್ಟ. ಅಪ್ಪ ಇದಕ್ಕೊಂದು ಉಪಾಯ ಮಾಡಿದ್ದ. ಪ್ರತಿ ವರ್ಷ ದೀಪಾವಳಿ ಹೊತ್ತಿಗೆ, ಪೊರೆ ಉದುರಿದ ಹೊಸ ಗಳಗಳ ಮೇಲೆ ಎದೆಮಟ್ಟದಲ್ಲಿ ನೀಲಿ ಬಣ್ಣದಿಂದ ಆ ವರ್ಷದ ಅಂಕಿ ಬರೆಯುತ್ತಿದ್ದ. ಕದಕ್ಕೆ ಹಚ್ಚಿ ಉಳಿದ ಬಣ್ಣ ಅದು. ಕನ್ನಡ ಅಂಕಿಯಲ್ಲೇ: ೯೩, ೯೪, ೯೫. ಅವ್ವನಿಗೆ ಇಂಗ್ಲಿಷ್ ಅಂಕಿ ಓದಲು ಬರುತ್ತಿರಲಿಲ್ಲ, ಅದಕ್ಕೆ. ತಾನಿಲ್ಲದಾಗ ಯಾರಾದರೂ ಗಳ ಕೇಳಲು ಬಂದರೆ ಅವಳು ತೋರಿಸಬೇಕಲ್ಲ.

ಅಪ್ಪನ ಉಳಿದ ಕಟ್ಟಳೆಗಳು ಇವು. ಮಳೆಗಾಲದಲ್ಲಿ ಕೊಯ್ತಾ ಹಚ್ಚುವಂತಿಲ್ಲ, ಸಾವಿಗೆ ಮಾತ್ರ ಹಚ್ಚಬಹುದು. ಕಡಿಯುವಾಗ ನೆಲದಿಂದ ಮೊದಲ ಅಥವಾ ಎರಡನೆಯ ಗಣಿಕೆಯ ಸ್ವಲ್ಪ ಮೇಲೆ ಕಡಿಯಬೇಕು. ಎರಡು ಗಣಿಕೆಯ ನಡುವೆ ಕಡಿದರೆ ಉಳಿದ ಕೊರಡು ಬಟ್ಟಲಾಗಿ ನೀರು ನಿಂತು ಗಡ್ಡೆ ಕೊಳೆಯುತ್ತದೆ. ಉದುರಿದ ಎಲೆ ಗುಡಿಸಬಾರದು, ಅದರ ಮೇಲೆ ರವದಿ ಹರಡಬೇಕು. ಬುಡಕ್ಕೆ ವರ್ಷಕ್ಕೊಮ್ಮೆ ಮಣ್ಣು ಏರಿಸಬೇಕು. ಏಕೆಂದರೆ ಗಡ್ಡೆ ಒಂದರ ಹೆಗಲ ಮೇಲೊಂದು ಹತ್ತುತ್ತ ಹೋಗಿ ಕಡೆಗೆ ಗಾಳಿಗೆ ಬಿದ್ದುಬಿಡುತ್ತದೆ. ಕಡಿದ ಗಳವನ್ನು ಎರಡು ಮೂರು ವಾರ ಹೊಳೆಯ ನೀರಲ್ಲಿ ಹಾಕಿ ಕಲ್ಲು ಹೇರಬೇಕು. ಒಳಗಿನ ಸಿಹಿ ತೊಳೆದು ಹೋದರೆ ಹುಳ ಹಿಡಿಯುವುದು ಕಡಿಮೆ, ಇಲ್ಲದಿದ್ದರೆ ಆರು ತಿಂಗಳಲ್ಲಿ ತೂತಿನಿಂದ ಹಿಟ್ಟು ಉದುರಲು ಶುರು. ಅಮಾವಾಸ್ಯೆ ಹತ್ತಿರ ಕಡಿದರೆ ಹುಳ ಹಿಡಿಯುವುದಿಲ್ಲ ಎಂದೂ ಹೇಳುತ್ತಿದ್ದ. ಅದನ್ನು ನಾನು ಪರೀಕ್ಷಿಸಿಲ್ಲ, ಮೀರಿಯೂ ಇಲ್ಲ.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಬಾಗಿಲಿನದು. ಮೆಳೆ ಹೊರಹೊರಗೆ ಬೆಳೆಯುತ್ತದೆ. ಹಳೆಯವು ನಡುವೆ ಉಳಿಯುತ್ತವೆ, ಹೊಸವು ಸುತ್ತ ಏಳುತ್ತವೆ. ಕೈಗೆ ಸಿಕ್ಕಿತೆಂದು ಹೊರಗಿನವನ್ನು ಕಡಿದರೆ ಮಕ್ಕಳನ್ನು ಕಡಿದು ಮುದುಕರನ್ನು ಉಳಿಸಿದಂತೆ. ಅದಕ್ಕೆ ಅಪ್ಪ ಅಡುಗೆಮನೆಯ ಕಡೆಗೆ ಒಂದು ದಾರಿ ತೆರೆದು, ಕುದುರೆ ಲಾಳದ ಹಾಗೆ ಮೆಳೆಯ ಹೊಟ್ಟೆಯ ತನಕ ಹೋಗಲು ಜಾಗ ಇಟ್ಟುಕೊಂಡಿದ್ದ. ‘ಮೆಳಿಗೊಂದು ಬಾಗಲಾ ಇರಬೇಕ ತಮ್ಮಾ, ಇಲ್ಲಂದ್ರ ಒಳಗಿದ್ದವರು ಹ್ಯಾಂಗ ಹೊರಗ ಬರಬೇಕು?’ ಅನ್ನುತ್ತಿದ್ದ.

ಅವನೊಮ್ಮೆ ಈ ಬಿದಿರಿನಿಂದ ಪೆಟ್ಟೂ ತಿಂದಿದ್ದ. ಮಿರಜ ಕಡೆಯ ಬಳಗದವರ ಹಂದರಕ್ಕೆಂದು ಟೆಂಪೊದಲ್ಲಿ ಗಳ ಹೇರಿಕೊಂಡು ಹೋದಾಗ ಗಡಿ ದಾಟಿದ ಮೇಲೆ ಒಬ್ಬ ಸಾಹೇಬರು ನಿಲ್ಲಿಸಿ ‘ಮರ ಸಾಗಿಸುವ ಪಾಸು ಎಲ್ಲಿ?’ ಎಂದರು. ಇದು ಮರ ಅಲ್ಲರೀ, ಹುಲ್ಲು ಎಂದು ಅಪ್ಪ ವಾದಿಸಿದ. ಅರ್ಧ ದಿನ ಬಿಸಿಲಲ್ಲಿ ಕಳೆದು, ಕೈ ಬೆಚ್ಚಗೆ ಮಾಡಿ ಬಂದ. ಸಾಹೇಬರದೂ ಪೂರ್ತಿ ತಪ್ಪಲ್ಲ. 1927ರ ಭಾರತೀಯ ಅರಣ್ಯ ಕಾಯ್ದೆಯ ಲೆಕ್ಕದಲ್ಲಿ ಬಿದಿರು ಮರವೇ. ಕಾಡಿನ ಹೊರಗೆ ಬೆಳೆದ ಬಿದಿರನ್ನು ಆ ಲೆಕ್ಕದಿಂದ ಕೈಬಿಟ್ಟದ್ದು 2017ರ ನವೆಂಬರಿನ ಸುಗ್ರೀವಾಜ್ಞೆ. ಆ ಸುದ್ದಿಯನ್ನು ನಾನು ಪುಣೆಯಲ್ಲಿ ಓದಿದೆ. ಅಪ್ಪನ ವಾದ ಗೆದ್ದಿತ್ತು, ಕೇಳಲು ಅವನಿರಲಿಲ್ಲ.

ಅಪ್ಪ ತೀರಿಕೊಂಡದ್ದು 2013ರ ಫೆಬ್ರುವರಿಯಲ್ಲಿ. ನಾನು ಪುಣೆಯಿಂದ ಬಂದು ಮುಟ್ಟಿದಾಗ ನಸುಕು. ಕಾಕಾನ ಮಗ ಕೊಯ್ತಾ ಹಿಡಿದು ಮೆಳೆಯ ಬಾಗಿಲಲ್ಲಿ ನಿಂತಿದ್ದ, ‘ನೀ ಬ್ಯಾಟರಿ ಹಿಡಿ’ ಎಂದ. ಅಷ್ಟು ವರ್ಷ ಹಾಸಿಗೆಯಲ್ಲಿ ಮಲಗಿ ಕೇಳಿದ್ದ ಸಪ್ಪಳವನ್ನು ಅವತ್ತು ಹತ್ತಿರ ನಿಂತು ಕೇಳಿದೆ. ಬಿದ್ದ ಎರಡು ಗಳದ ಮೇಲೂ ‘೦೯’ ಎಂದು ಇತ್ತು. ಬಣ್ಣ ಬಳಿದ ಕೈ ಒಳಗೆ ಪಡಸಾಲೆಯಲ್ಲಿತ್ತು.

ಹದಿಮೂರು ದಿನ ಮುಗಿದ ಮೇಲೆ ಅವ್ವ ಒಂದು ಮಾತು ಹೇಳಿದಳು. ‘ಇನ್ನ ಇದಕ್ಕ ಯಾರೂ ಕೊಯ್ತಾ ಹಚ್ಚಬ್ಯಾಡ್ರಿ. ಅವರು ಬರದದ್ದೆಲ್ಲಾ ಇದರ ಮ್ಯಾಲ ಐತಿ.’ ನಾವು ಯಾರೂ ಎದುರಾಡಲಿಲ್ಲ. ಅಪ್ಪನ ಕೈಬರಹ ಅಂತ ಮನೆಯಲ್ಲಿ ಇನ್ನೇನಿತ್ತು? ಸೊಸೈಟಿಯ ಪಾಸ್‌ಬುಕ್ಕಿನ ಮೇಲೆ ಒಂದು ಸಹಿ, ಮತ್ತೆ ಈ ಅಂಕಿಗಳು. ಸಂಸ್ಕೃತದಲ್ಲಿ ವಂಶ ಅಂದರೆ ಬಿದಿರೂ ಹೌದು, ಮನೆತನವೂ ಹೌದು. ಬಿದಿರು ಸುಟ್ಟರೆ ವಂಶ ಸುಟ್ಟಂತೆ ಎಂದು ನಮ್ಮಲ್ಲಿ ಒಲೆಗೂ ಇಡುವುದಿಲ್ಲ. ಅವ್ವನಿಗೆ ಸಂಸ್ಕೃತ ಗೊತ್ತಿಲ್ಲ. ಆದರೂ ಆ ಮೆಳೆ ಅವಳಿಗೆ ಎರಡೂ ಆಗಿತ್ತು ಅಂತ ಕಾಣುತ್ತದೆ.

ಎರಡು ವರ್ಷದ ಮೇಲೆ ಒಂದು ರಾತ್ರಿ, ನಾನು ರಜೆಗೆ ಬಂದಿದ್ದಾಗಲೇ, ಓಣಿಯ ತುದಿಯ ಮನೆಯ ಹುಡುಗ ಬ್ಯಾಟರಿ ಹಿಡಿದುಕೊಂಡು ಬಂದ. ಅವನ ಅಜ್ಜಿ ಹೋಗಿದ್ದಳು. ‘ಆಯಿ, ಎರಡು ಗಳ…’ ಎಂದ. ಅವ್ವ ಬಾಗಿಲಲ್ಲಿ ನಿಂತು ‘ಕಡ್ಯಾಕ ಬರೂದಿಲ್ಲಪಾ’ ಅಂದಳು. ಅಷ್ಟೇ ಅಂದಳು. ಅವನು ಸ್ವಲ್ಪ ಹೊತ್ತು ನಿಂತು ಹೋದ. ನಾನು ಎದ್ದು ಹೋಗಿ ಕಡಿದು ಕೊಡಬಹುದಿತ್ತು. ಕೊಡಲಿಲ್ಲ. ಅವ್ವನ ಮಾತು ಮುರಿಯಬಾರದೆಂದು ಸುಮ್ಮನಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಆ ಕತ್ತಲಲ್ಲಿ ಒಳಗೆ ಹೋಗಲು ನನಗೆ ಹೆದರಿಕೆ ಇತ್ತು. ಮರುದಿನ ಅವರು ಖುರ್ದದ ಅಂಗಡಿಯಿಂದ ಗಳ ತಂದರಂತೆ. ಅಲ್ಲಿಂದ ಮುಂದೆ ನಮ್ಮ ಹಿತ್ತಿಲಿಗೆ ರಾತ್ರಿ ಯಾರೂ ಬರಲಿಲ್ಲ. ಹಗಲು ಸಿಕ್ಕರೆ ಮಾತಾಡುತ್ತಿದ್ದರು, ಇಲ್ಲವೆಂದಲ್ಲ. ಗಳ ಮಾತ್ರ ಕೇಳುತ್ತಿರಲಿಲ್ಲ.

ಮುಟ್ಟದೆ ಬಿಟ್ಟ ಮೆಳೆ ಹೇಗಾಗುತ್ತದೆ ಎಂದು ನೋಡಬೇಕಾದರೆ ಆಗ ನಮ್ಮ ಮನೆಗೆ ಬರಬೇಕಿತ್ತು. ಎರಡೇ ವರ್ಷದಲ್ಲಿ ಬಾಗಿಲು ಮುಚ್ಚಿತು. ಸತ್ತ ಗಳ ಬೀಳಲೂ ಜಾಗವಿಲ್ಲದೆ ಬದುಕಿದವುಗಳಿಗೆ ಒರಗಿ ನಿಂತವು. ಹೊರಗಿನ ಗಳ ಕಾಕಾನ ಮಗನ ಗೋಡೆಯ ಮೇಲೆ ಒಲೆದವು. ಮೆಳೆ ಬಿದಿರಿಗೆ ಓಡುವ ಬೇರಿಲ್ಲ. ಚೀನ, ಜಪಾನಿನ ಕೆಲವು ಜಾತಿಯಂತೆ ನೆಲದಡಿ ಹತ್ತಾರು ಅಡಿ ಹರಿದು ಪಕ್ಕದವರ ಅಂಗಳದಲ್ಲಿ ತಲೆ ಎತ್ತುವುದಿಲ್ಲ. ಆದರೆ ವರ್ಷಕ್ಕೆ ಗೇಣು ಸರಿದರೂ ಮೂವತ್ತು ವರ್ಷಕ್ಕೆ ಎಷ್ಟಾಯಿತು ಲೆಕ್ಕ ಹಾಕಿ. ಅಪ್ಪ ಇದ್ದಾಗ ಆ ಕಡೆ ವರ್ಷಕ್ಕೊಮ್ಮೆ ಚರಿ ತೋಡಿ, ದಾಟಿದ ಗಡ್ಡೆಯನ್ನು ಹಾರಿಯಿಂದ ಮೀಟಿ ತೆಗೆಯುತ್ತಿದ್ದ. ಈಗ ಗೋಡೆ ಬಿರುಕು ಬಿಟ್ಟಿತು. ಕೆರೆಹಾವು ಬಂತು, ಅದರ ಹಿಂದೆ ‘ನಾಗರ ಐತಿ’ ಎಂಬ ಸುದ್ದಿ ಬಂತು. ಕಾಕಾನ ಮಗ ಜೆಸಿಬಿ ತರಿಸುತ್ತೇನೆ ಎಂದ. ಬಿದಿರು ಮನೆ ಹತ್ತಿರ ಹೂ ಬಿಟ್ಟರೆ ಬರ ಬೀಳುತ್ತದೆ, ಅಷ್ಟರೊಳಗೆ ತೆಗಿಸಿಬಿಡಿ ಎಂದು ಹೇಳುವವರೂ ಸಿಕ್ಕರು. ಅದು ಬರೀ ಮೂಢನಂಬಿಕೆ ಎಂದು ನಾನು ಹೇಳಲಾರೆ. ಮಿಜೋರಾಮಿನಲ್ಲಿ ಸುಮಾರು 48 ವರ್ಷಕ್ಕೊಮ್ಮೆ ಅಲ್ಲಿನ ಬಿದಿರು ಒಟ್ಟಿಗೆ ಹೂ ಬಿಟ್ಟು ಬೀಜ ಸುರಿಸಿ ಸಾಯುತ್ತದೆ. ಬೀಜ ತಿಂದು ಹೆಚ್ಚಿದ ಇಲಿಗಳು ಆಮೇಲೆ ಹೊಲಕ್ಕೆ ಇಳಿಯುತ್ತವೆ. 1959ರ ಹೊತ್ತಿನ ಅಂಥ ಕ್ಷಾಮ ಅಲ್ಲಿನ ರಾಜಕೀಯವನ್ನೇ ತಿರುಗಿಸಿತು. ಆದರೆ ಅದು ಕಾಡು ಕಾಡೇ ಹೂ ಬಿಟ್ಟ ಕತೆ. ನಮ್ಮ ಹಿತ್ತಿಲ ಒಂದು ಮಾರಿಹಾಳ ಮೆಳೆಗೆ ಅಷ್ಟು ಶಕ್ತಿ ಇಲ್ಲ.

2019ರ ಆಗಸ್ಟಿನಲ್ಲಿ ಹೊಳೆ ಬಂತು. 2005ರಲ್ಲಿಯೂ ಬಂದಿತ್ತು, ಹಿತ್ತಿಲ ಕಲ್ಲು ಮುಟ್ಟಿ ಇಳಿದಿತ್ತು. ಈ ಸಲ ಕೊಯ್ನಾದ ನೀರು, ಮಳೆಯ ನೀರು ಕೂಡಿ ರಾಜಾಪುರ ಬ್ಯಾರೇಜು ದಾಟಿ ಬಂದದ್ದು ಅಡುಗೆಮನೆಯ ಗೂಡಿನ ತನಕ ಏರಿತು. ಅವ್ವನನ್ನು, ಎಮ್ಮೆಯನ್ನು ಎತ್ತರದ ಬಳಗದವರ ಮನೆಗೆ ಸಾಗಿಸಿದರು. ಹತ್ತು ದಿನದ ಮೇಲೆ ನಾನು ಅವಳನ್ನು ಕರೆದುಕೊಂಡು ಬಂದಾಗ ಬಣವಿ ಇರಲಿಲ್ಲ, ತಿಪ್ಪೆ ಇರಲಿಲ್ಲ, ಹಿತ್ತಿಲ ಗೋಡೆ ಅರ್ಧ ಇರಲಿಲ್ಲ. ಮೆಳೆ ಇತ್ತು. ಒಂದು ಕಡೆಗೆ ವಾಲಿ, ಆಳೆತ್ತರದವರೆಗೆ ಕೆಸರು ಮೆತ್ತಿಕೊಂಡು, ಹೊಳೆಯಲ್ಲಿ ಬಂದದ್ದನ್ನೆಲ್ಲ ಹಿಡಿದುಕೊಂಡು ನಿಂತಿತ್ತು. ರವದಿ, ಗೊಬ್ಬರದ ಚೀಲ, ಒಂದು ಸತ್ತ ಕರು, ನಮ್ಮದೇ ಹಿಂಬಾಗಿಲಿನ ಕದ. ಜೆಸಿಬಿ ತರಿಸುತ್ತೇನೆ ಎಂದಿದ್ದ ಕಾಕಾನ ಮಗನ ಪಂಪಿನ ಸ್ಟಾರ್ಟರ್ ಪೆಟ್ಟಿಗೆ, ಆರು ಉದ್ದ ಪೈಪು ಸಹ ಅದರಲ್ಲೇ ಸಿಕ್ಕಿದ್ದವು. ಅವನು ಪೈಪು ಬಿಡಿಸಿಕೊಂಡು ಹೋಗುವಾಗ ನನ್ನ ಮುಖ ನೋಡಲಿಲ್ಲ. ಜೆಸಿಬಿಯ ಮಾತು ಆಮೇಲೆ ಬರಲಿಲ್ಲ.

ಹೊಳೆ ಇಳಿದ ಮೇಲೆ ಊರಿಗೆಲ್ಲ ಬೇಕಾಗಿದ್ದು ಬುಟ್ಟಿ. ಕೆಸರು ಹೊರಬೇಕಲ್ಲ. ಕುಡಚಿ ಕಡೆಯಿಂದ ಒಬ್ಬ ಬುರುಡ ಮುದುಕ ಬುಟ್ಟಿ ಹೊತ್ತುಕೊಂಡು ಬಂದ. ನಮ್ಮ ಕಡೆ ಮೇದಾರರನ್ನು ಬುರುಡರು ಅನ್ನುತ್ತಾರೆ. ತಾನು ಕೇತಯ್ಯನ ಕುಲದವನು ಎಂದು ಹೇಳಿಕೊಂಡ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬುಟ್ಟಿ ಹೆಣೆಯುವ ಕಾಯಕದ ಶರಣ ಮೇದಾರ ಕೇತಯ್ಯ. ಮುದುಕ ಬುಟ್ಟಿಯ ರೊಕ್ಕ ಎಣಿಸಿಕೊಂಡು, ಮೆಳೆಯ ಸುತ್ತ ಒಂದು ಸುತ್ತು ಹಾಕಿದ. ಬೇಕಾಗಿರಬೇಕು ಎಂದುಕೊಂಡು ನಾನು ಮೊದಲೇ ‘ಕೊಡೂದಿಲ್ಲ’ ಎಂದೆ.

‘ನನಗ್ಯಾಕ ಬೇಕರೀ ಇದು? ಇದು ಗಟ್ಟಿ ಜಾತಿ, ಬುಟ್ಟಿಗೆ ಸೀಳೂದಿಲ್ಲ’ ಎಂದ. ಆಮೇಲೆ ಅವ್ವನ ಕಡೆ ತಿರುಗಿ, ‘ಅವ್ವಾರ, ಈ ಮಳಿಗಾಲದಾಗ ಎಷ್ಟ ಕಳಲಿ ಎದ್ದಿದ್ದೂವು?’ ಎಂದು ಕೇಳಿದ.

‘ನಾಕು. ಹೊಳಿ ನೀರಿಗೆ ಅವೂ ಕೊಳತೂವು.’

‘ಹಿಂದಿನ ವರ್ಷ?’

‘ಮೂರು.’

‘ಯಜಮಾನರು ಇದ್ದಾಗ?’

ಅವ್ವ ತಡವಾಗಿ ಹೇಳಿದಳು. ‘ಹದಿನೈದು, ಹದಿನಾರು. ಒಂದ ವರ್ಷ ಇಪ್ಪತ್ತೊಂದು.’ ಅವಳು ಪ್ರತಿ ವರ್ಷ ಎಣಿಸುತ್ತಿದ್ದಳು ಎಂಬುದೇ ನನಗೆ ಗೊತ್ತಿರಲಿಲ್ಲ.

ಮುದುಕ ಹೆಚ್ಚು ಹೇಳಲಿಲ್ಲ. ಸಂಕ್ರಾಂತಿ ಆದ ಮೇಲೆ ಬರುತ್ತೇನೆ, ಬೇಕಾದರೆ ಕಡಿಸಿ, ಬ್ಯಾಡಾದರೆ ಬಿಡಿ ಎಂದು ಬುಟ್ಟಿ ಹೊತ್ತು ಹೋದ. 2020ರ ಜನವರಿಯಲ್ಲಿ ಹೇಳಿದಂತೆ ಬಂದ. ಅಷ್ಟರಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರು ನೆಲಕ್ಕೆ ಹತ್ತಿ ಒಂದೇ ದಿನಕ್ಕೆ ಬೋಳಿಸಿ ಕೊಡುತ್ತೇವೆ ಎಂದು ಕೇಳಿದ್ದರು. ಅವ್ವನೇ ಬೇಡ ಎಂದಿದ್ದಳು. ಮುದುಕ ಬಂದಾಗ ಮಾತ್ರ ಏನೂ ಹೇಳದೆ ಒಳಗಿನಿಂದ ಚಹಾ ತಂದಿಟ್ಟಳು. ಅದನ್ನೇ ನಾವು ಒಪ್ಪಿಗೆ ಎಂದುಕೊಂಡೆವು.

ಅವನು ಮೊದಲು ಅಡುಗೆಮನೆಯ ಕಡೆಯಿಂದ ಒಣಗಿದ್ದನ್ನು ಎಳೆದ. ಮೊಳಕಾಲೂರಿ ಕೆಸರು ಕೆರೆದ. ಅಡಿಯಲ್ಲಿ ಹಳೆಯ ಕೊರಡುಗಳು ಕಂಡವು, ಒಂದೊಂದೂ ಗಣಿಕೆಯ ಮೇಲೆ ನೇರ ಕಡಿದದ್ದು, ಸಾಲಾಗಿ ನಡುವಿನ ತನಕ ಹೋಗಿದ್ದವು. ‘ಬಾಗಲಾ ಇಲ್ಲೇ ಐತಲ್ಲರೀ’ ಎಂದ. ಏಳು ವರ್ಷ ಅದು ಅಲ್ಲೇ ಇತ್ತು. ನಾವು ಎರಡು ದಿನ ಕಡಿದೆವು. ಸತ್ತದ್ದೇ ಅರವತ್ತಕ್ಕೂ ಮೇಲೆ. ‘೧೧’ ಇದ್ದದ್ದು ಬೂದಿಬಣ್ಣಕ್ಕೆ ತಿರುಗಿ ಕೈಯಲ್ಲಿ ಮುರಿಯುತ್ತಿತ್ತು. ‘೧೨’ ಇದ್ದವು ಒಂಬತ್ತು. ಎಂಟರಲ್ಲಿ ಹುಳ ಹಿಡಿದು ಹಿಟ್ಟು ಸುರಿಯುತ್ತಿತ್ತು. ಅವ್ವ ಕಟ್ಟೆಯ ಮೇಲೆ ಕುಳಿತು ಒಂದೊಂದನ್ನೂ ತರಿಸಿ ನೋಡಿದಳು, ಅಂಕಿಯ ಮೇಲೆ ಕೈಯಾಡಿಸಿದಳು, ಹಿಟ್ಟು ಸೆರಗಿಗೆ ಬಿತ್ತು, ಕೊಡವಿಕೊಂಡಳು. ಅಳಲಿಲ್ಲ. ಗಟ್ಟಿ ಇದ್ದ ಒಂದನ್ನು ಪಕ್ಕಕ್ಕಿಡಿಸಿದಳು. ಅದು ಈಗ ಹೀರೆಬಳ್ಳಿಯ ಹಂದರದ ಕಂಬ. ಅಂಕಿ ಕಾಣುವಂತೆ ಅವಳೇ ತಿರುಗಿಸಿ ನಿಲ್ಲಿಸಿದಳು. ಉಳಿದವನ್ನು ಸುಡುವಂತಿಲ್ಲವಲ್ಲ, ಗೋಡೆ ಕುಸಿದ ಕಡೆ ಹೂತು ಮಣ್ಣು ಹಾಕಿದೆವು.

ಬದುಕಿದ ಗಳಗಳ ವಯಸ್ಸನ್ನು ಮುದುಕ ನೋಡಿಯೇ ಹೇಳಿದ. ಗಣಿಕೆಯ ಕೆಳಗೆ ಬಿಳಿ ಬೂದಿ ಇದ್ದರೆ ಕೂಸು. ಹೊಳಪು ಹೋಗಿ ಚುಕ್ಕೆ ಚುಕ್ಕೆ ಬೂಷ್ಟು ಕೂತರೆ ಬಲಿತದ್ದು. ಬಡಿದರೆ ಸಪ್ಪಳ ಬೇರೆ. ಅವನು ಹೇಳುತ್ತ ಹೋದ, ನಾನು ನೀಲಿ ಬಣ್ಣದಲ್ಲಿ ಅಂಕಿ ಬರೆಯುತ್ತ ಹೋದೆ. ನನ್ನ ‘೮’ ಅಪ್ಪನ ‘೮’ರ ಹಾಗೆ ಬರುವುದಿಲ್ಲ.

ಆ ವರ್ಷ ನಾನು ಒಂದು ದಡ್ಡತನ ಮಾಡಿದೆ. ಕಡಿದ ಮೇಲೆ ಎಲ್ಲ ಸ್ವಚ್ಛ ಕಾಣಲಿ ಎಂದು ಬುಡದ ಎಲೆ, ಸೊಪ್ಪು, ಅಪ್ಪನ ಕಾಲದಿಂದ ಸುತ್ತ ಒಟ್ಟಿದ್ದ ಜಾಲಿ ಮುಳ್ಳು ಎಲ್ಲ ತೆಗೆದು ಹಾಕಿದೆ. ಲಾಕ್‌ಡೌನಿನ ಕಾಲ, ಪುಣೆಗೆ ಹೋಗುವಂತಿರಲಿಲ್ಲ, ಕೈಗೆ ಕೆಲಸ ಬೇಕಿತ್ತು. ಜೂನಿನ ಮಳೆಗೆ ಒಂಬತ್ತು ಕಳಲೆ ಎದ್ದವು. ನಮ್ಮದೇ ಎಮ್ಮೆ ಆರನ್ನು ತಿಂದಿತು. ಆಮೇಲೆ ಓದುವಾಗ ತಿಳಿಯಿತು, ಈ ತಪ್ಪನ್ನು ನನಗಿಂತ ದೊಡ್ಡವರೂ ಮಾಡಿದ್ದಾರೆ. ಉತ್ತರ ಕನ್ನಡದ ಕಾಡಿನಲ್ಲಿ ಕಾಗದದ ಕಾರ್ಖಾನೆಗೆ ಬಿದಿರು ಕಡಿಸುವಾಗ, ಮೆಳೆಯ ಬುಡದ ಮುಳ್ಳುಪೊದೆ ತೆಗೆದರೆ ಬಿದಿರು ಚೆನ್ನಾಗಿ ಬರುತ್ತದೆ ಎಂದು ಅರಣ್ಯದವರು ತೆಗೆಸುತ್ತಿದ್ದರಂತೆ. ಮಾಧವ ಗಾಡ್ಗೀಳ ಮತ್ತು ಜತೆಗಾರರು ಅಲ್ಲಿ ಅಧ್ಯಯನ ಮಾಡಿದಾಗ ಕಂಡದ್ದು ಬೇರೆ: ಮುಳ್ಳಿನ ಮರೆ ಹೋದ ಮೆಳೆಯ ಎಳೆ ಕಳಲೆಗಳನ್ನು ದನ, ಕಾಡುಪ್ರಾಣಿ ತಿಂದು ಮುಗಿಸುತ್ತಿದ್ದವು. ಅಲ್ಲಿನ ಹಳ್ಳಿಯವರು ಇದನ್ನು ಮೊದಲೇ ಬಲ್ಲವರಾಗಿದ್ದರು. ನಾನು ಮರುದಿನವೇ ಜಾಲಿ ಮುಳ್ಳು ಕಡಿದು ತಂದು ಸುತ್ತ ಒಟ್ಟಿದೆ. ಬಾಗಿಲಿಗೆ ಮಾತ್ರ ಸರಿಸಲು ಬರುವ ಒಂದು ಕಂಟಿ ಇಟ್ಟೆ.

2021ರ ಬೇಸಿಗೆಯಲ್ಲಿ ಊರಲ್ಲಿ ಸಾವು ಹೆಚ್ಚಾದವು. ಆದರೆ ಯಾರಿಗೂ ಗಳ ಬೇಕಾಗಲಿಲ್ಲ. ಮೀರಜ, ಬೆಳಗಾವಿಯ ಆಸ್ಪತ್ರೆಗಳಿಂದ ಬಂದವರನ್ನು ಗಾಡಿಯಿಂದ ಇಳಿಸದೆಯೇ ಕೊಂಡೊಯ್ದರು. ಕಟ್ಟೆಯ ಮೇಲೆ ಕುಳಿತ ಅವ್ವ ಒಂದು ಸಂಜೆ, ‘ನಾ ಇಲ್ಲ ಅನ್ನೂದೂ ತಪ್ಪಿತು, ಅವರು ಕೇಳೂದೂ ತಪ್ಪಿತು’ ಅಂದಳು. ಆ ಹುಡುಗನ ಹೆಸರು ತೆಗೆಯಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಜುಲೈಯಲ್ಲಿ ಹೊಳೆ ಮತ್ತೊಮ್ಮೆ ಬಂತು, ಮೆಳೆಯ ಬುಡ ಮುಟ್ಟಿ ಹೋಯಿತು. ಹನ್ನೊಂದು ಕಳಲೆ ಉಳಿದವು.

ಮರುವರ್ಷ ಶ್ರಾವಣದ ಒಂದು ರಾತ್ರಿ ಜಡಿಮಳೆ. ಹತ್ತು ಹೊಡೆದಿರಬೇಕು. ಹಿತ್ತಿಲಲ್ಲಿ ಬ್ಯಾಟರಿಯ ಬೆಳಕು ಕಂಡಿತು. ಕದ ತೆರೆದರೆ ಓಣಿಯ ತುದಿಯ ಮನೆಯ ಅದೇ ಹುಡುಗ, ಈಗ ಹುಡುಗನಲ್ಲ, ತಲೆಯ ಮೇಲೆ ಗೊಬ್ಬರದ ಚೀಲ ಹೊದ್ದು ನಿಂತಿದ್ದ. ಅವನ ಅಪ್ಪ ಹೋಗಿದ್ದ. ಆ ಮಳೆಯಲ್ಲಿ ಖುರ್ದದ ಅಂಗಡಿ ತೆರೆಸುವವರು ಯಾರು? ಅವನು ಕೇಳಲಿಲ್ಲ. ಕೇಳುವುದೋ ಬೇಡವೋ ಎಂದು ಮೆಳೆಯ ಕಡೆ ನೋಡುತ್ತ ನಿಂತಿದ್ದ. ನಾನು ಅವ್ವನನ್ನು ಎಬ್ಬಿಸಬೇಕೆಂದು ತಿರುಗಿದರೆ ಅವಳು ಆಗಲೇ ಎದ್ದು, ಗೋಡೆಯಿಂದ ಕೊಯ್ತಾ ತೆಗೆದು ನನ್ನ ಕೈಗೆ ಕೊಟ್ಟಳು. ಅವನ ಕೈಯಿಂದ ಬ್ಯಾಟರಿ ಇಸಕೊಂಡು ಮುಂದೆ ನಡೆದಳು. ಬಾಗಿಲ ಕಂಟಿ ಕಾಲಿಂದ ಸರಿಸಿ ಒಳಗೆ ಬೆಳಕು ಬಿಟ್ಟು ಒಂದೊಂದೇ ಅಂಕಿ ಓದಿದಳು. ‘೨೧ ಬ್ಯಾಡ. ೨೦ ಬ್ಯಾಡ. ಇಲ್ಲೆ ನೋಡು, ೧೮. ಇದು, ಇದರ ಬಾಜೂದ್ದು.’

ನಾನು ಕೊಯ್ತಾ ಎತ್ತಿದೆ. ಅವನು ನನಗೆ ಹಿಡಿಯಲು ಬರುತ್ತಿದ್ದ. ಅವ್ವ ಬ್ಯಾಟರಿಯನ್ನು ಅವನ ಕಾಲ ಹತ್ತಿರ ತಿರುಗಿಸಿದಳು. ಅಲ್ಲಿ ಕಂದು ಪೊರೆಯ ಮೂರು ಕಳಲೆ, ಮಳೆಯಲ್ಲಿ ತೊಯ್ದು ನಿಂತಿದ್ದವು.

‘ಹೊಸಾವು ಅದಾವ ತಮ್ಮಾ, ತುಳದೀ. ನೋಡಿಕೊಂಡ ಕಾಲ ಇಡು.’